ಮುಂದಾಳಿನ ಅಂತರ್ಬಲ

(ಪುಂಜಾಲಕಟ್ಟೆಯಲ್ಲಿ ಕೂಡಿದ ಸಾರ್ವಜನಿಕ ಸಭೆಯಲ್ಲಿ ಮಾಡಿದ ಭಾಷಣ)



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂಬ ಮೂರು ಸೀಮೆಗಳ ಜನರು ಬಂದು ಕಲೆಯುವ ಈ ಪುಂಜಾಲಕಟ್ಟೆಯಲ್ಲಿ ನಿಮ್ಮೆದುರು ನಿಂತು ನಾಲ್ಕು ಮಾತುಗಳನ್ನಾಡುವ ಅವಕಾಶವು ದೊರೆತುದಕ್ಕಾಗಿ ನಾವು ನಿಮಗೆ ಕೃತಜ್ಞರಾಗಿರುವೆವು. ಮುಂದಾಳುತನದ ವಿಷಯವಾಗಿ ಮಾತನಾಡಬೇಕೆಂದು ನೀವು ಅಪ್ಪಣೆ ಮಾಡಿರುವಿರಿ. ಮುಂದಾಳುಗಳಿಗೆ ನಮ್ಮ ನಾಡಿನಲ್ಲಿ ಬರವೇನೂ ಇಲ್ಲ. ಒಂದೊಂದು ತಿರುವಿನಲ್ಲಿಯೂ ಅವರ ಚಿತ್ರಪಟಗಳು ನಿಂತಿವೆ. ಒಂದೊಂದು ಜಾತ್ರೆಯಲ್ಲಿಯೂ ಅವರ ಹೆಸರಿನ ತೋರಣಗಳು ತೂಗುತ್ತಿವೆ. ಆದರೂ ಊರಿನಲ್ಲಿ ಒಂದು ಅನ್ಯಾಯ ನಡೆದಾಗ ಮೊದಲು ಎದ್ದು ನಿಲ್ಲುವವರಾರು ಎಂದು ಹುಡುಕಿದರೆ ಆ ಚಿತ್ರಪಟಗಳಿಂದ ಯಾರೂ ಕೆಳಗಿಳಿದು ಬರುವುದಿಲ್ಲ. ಆದುದರಿಂದ ಮುಂದಾಳುತನವೆಂದರೇನು, ಅದರ ಬೇರು ಎಲ್ಲಿದೆ ಎಂಬುದನ್ನು ವಿಚಾರ ಮಾಡುವುದು ಕಾಲೋಚಿತವೇ ಸರಿ.

ನಿಮ್ಮ ಊರಿನ ಹೆಸರಿನಲ್ಲಿಯೇ ಒಂದು 'ಕಟ್ಟೆ' ಇದೆ. ತುಳುನಾಡಿನಲ್ಲಿ ಕಟ್ಟೆಯೆಂದರೆ ಬರಿಯ ಕಲ್ಲು ಮಣ್ಣುಗಳ ರಾಶಿಯಲ್ಲ. ಹೊರೆ ಹೊತ್ತು ಬಂದವನು ಅರೆಗಳಿಗೆ ಇಳಿಸಿ ಉಸಿರು ಬಿಡುವ ಸ್ಥಳವದು. ಊರಿನ ನ್ಯಾಯವನ್ನು ಹಿರಿಯರು ಕುಳಿತು ತೀರ್ಮಾನಿಸಿದ ಸ್ಥಳವೂ ಅದೇ. ಆದರೆ ಒಂದು ಮಾತನ್ನು ನಾವು ಮರೆಯಲಾಗದು. ಹಿಂದಿನ ಕಾಲದಲ್ಲಿ ಕಟ್ಟೆಯ ಮೇಲೆ ಕುಳಿತವರು ಕೆಲವರು. ಕಟ್ಟೆಯ ಕೆಳಗೆ, ಅದೂ ನೆರಳು ತಾಗದಷ್ಟು ದೂರದಲ್ಲಿ, ನಿಂತವರು ಹಲವರು. ನ್ಯಾಯವನ್ನು ಮೇಲಿನವರು ಹೇಳಿದರು. ಹೊರೆಯನ್ನು ಕೆಳಗಿನವರು ಹೊತ್ತರು. ಕಟ್ಟೆಯ ಮೇಲೆ ಕುಳಿತುದರಿಂದಲೇ ಒಬ್ಬನು ಮುಂದಾಳಾಗುವನೇ? ಅಥವಾ ಕಟ್ಟೆಯಿಂದ ಇಳಿದು, ಕೆಳಗೆ ನಿಂತವನ ಬಳಿಗೆ ಹೋದವನು ಮುಂದಾಳಾಗುವನೇ? ಇಂದಿನ ನಮ್ಮ ಪ್ರಶ್ನೆ ಇದು.

ತುಂಬಿದ ಕೊಡ ತುಳುಕುವುದಿಲ್ಲವೆಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಈ ಗಾದೆಯನ್ನು ಕೇಳಿದ ಕೂಡಲೇ ಕೆಲವರು, "ಹಾಗಾದರೆ ಸುಮ್ಮನಿರುವುದೇ ಮೇಲು" ಎಂದು ಅರ್ಥ ಮಾಡಿಕೊಳ್ಳುವುದುಂಟು. ಇದು ತಪ್ಪು. ಸುಮ್ಮನಿರುವುದರಲ್ಲಿ ಮೂರು ಬಗೆಗಳಿವೆ. ಹೆದರಿಕೆಯಿಂದ ಸುಮ್ಮನಿರುವುದು ಒಂದು. ನನಗೇತಕ್ಕೆ ಊರ ಉಸಾಬರಿ ಎಂದು ಸುಮ್ಮನಿರುವುದು ಇನ್ನೊಂದು. ಮಾಡಬೇಕಾದುದನ್ನು ಮಾಡುತ್ತ, ಮಾಡಿದೆನೆಂದು ಸಾರದೆ, ಬಂದ ಕಷ್ಟವನ್ನು ನುಂಗಿ, ಹಿಡಿದ ದಾರಿಯನ್ನು ಬಿಡದೆ ಸುಮ್ಮನಿರುವುದು ಮೂರನೆಯದು. ಮೊದಲನೆಯದು ಹೇಡಿತನ, ಎರಡನೆಯದು ಸೋಮಾರಿತನ. ಮೂರನೆಯದು ಮಾತ್ರವೇ ಬಲ. ಗಾದೆಯಲ್ಲಿಯ ಕೊಡವು ತುಂಬಿರುವುದೆಂಬುದನ್ನು ನೆನಪಿಡಬೇಕು. ಬರಿದಾದ ಕೊಡವೂ ತುಳುಕುವುದಿಲ್ಲ. ಆದರೆ ಅದರಿಂದ ಯಾರ ದಾಹವೂ ತೀರದು.

ಈ ಒಳಗಿನ ಬಲದ ಪಾಠವು ನಿಮಗೆ ಹೊಸದಲ್ಲ. ಇಲ್ಲಿಂದ ಬಹುದೂರವಿಲ್ಲದ ವೇಣೂರಿನಲ್ಲಿ 1604ರಲ್ಲಿ ಅಜಿಲ ವಂಶದ ತಿಮ್ಮಣ್ಣರಸನು ನಿಲ್ಲಿಸಿದ ಗೊಮ್ಮಟೇಶ್ವರನು ಫಲ್ಗುಣಿಯ ದಡದಲ್ಲಿ ನಾಲ್ಕು ನೂರು ವರ್ಷಗಳಿಂದ ಮಳೆ ಬಿಸಿಲುಗಳನ್ನು ಲೆಕ್ಕಿಸದೆ ನಿಂತಿರುವನು. ಆತನ ಕಥೆಯನ್ನು ನೀವೆಲ್ಲರೂ ಬಲ್ಲಿರಿ. ಅಣ್ಣನಾದ ಭರತ ಚಕ್ರವರ್ತಿಯನ್ನು ಯುದ್ಧದಲ್ಲಿ ಗೆದ್ದು, ಗೆದ್ದ ಗಳಿಗೆಯಲ್ಲಿಯೇ ರಾಜ್ಯವನ್ನು ಬಿಟ್ಟು ತಪಸ್ಸಿಗೆ ನಿಂತವನು ಬಾಹುಬಲಿ. ಆದರೆ ಕಥೆಯು ಅಲ್ಲಿಗೆ ಮುಗಿಯುವುದಿಲ್ಲ. ಸುತ್ತಲೂ ಹುತ್ತ ಬೆಳೆದರೂ, ಬಳ್ಳಿಗಳು ಮೈಗೆ ಹಬ್ಬಿದರೂ ಕದಲದೆ ನಿಂತಿದ್ದವನಿಗೆ ಜ್ಞಾನವು ಉದಯಿಸಲಿಲ್ಲ. ಏಕೆಂದರೆ ತಾನು ನಿಂತಿರುವ ನೆಲವು ಅಣ್ಣನದೆಂಬ ಒಂದು ಮುಳ್ಳು ಒಳಗೆ ಉಳಿದಿತ್ತು. ಸೋತ ಅಣ್ಣನೇ ಬಂದು ತಲೆಬಾಗಿದಾಗ ಆ ಮುಳ್ಳು ಕಳಚಿತು. ಹೊರಗೆ ಅಲುಗಾಡದೆ ನಿಂತವನೆಲ್ಲ ಒಳಗೆ ನಿಂತವನಲ್ಲ. ಊರಿಗಾಗಿ ಎಲ್ಲವನ್ನೂ ಬಿಟ್ಟೆನೆಂದು ಹೇಳುವವನೂ, ಬಿಟ್ಟವನು ನಾನು ಎಂಬುದೊಂದನ್ನು ಬಿಡಲಾರದೆ ಇರಬಹುದು.

ಇತ್ತ ಮೂಡುಬಿದಿರೆಯ ಕವಿ ರತ್ನಾಕರವರ್ಣಿಯು ಹದಿನಾರನೆಯ ಶತಮಾನದಲ್ಲಿ ತನ್ನ ಮಹಾಕಾವ್ಯಕ್ಕೆ ಬಾಹುಬಲಿಯನ್ನಲ್ಲ, ಭರತನನ್ನು ನಾಯಕನನ್ನಾಗಿ ಆರಿಸಿಕೊಂಡನು. ಅರಮನೆಯಲ್ಲಿದ್ದು, ಸಂಸಾರದ ನಡುವೆಯಿದ್ದು, ರಾಜ್ಯಭಾರದ ಹೊರೆಯನ್ನು ಹೊತ್ತೂ ಒಳಗೆ ಯೋಗಿಯಾಗಿರಬಹುದೆಂಬುದು ಭರತೇಶ ವೈಭವದ ಸಾರ. ನಮಗೆ, ಗದ್ದೆ ತೋಟಗಳಲ್ಲಿಯೂ ಅಂಗಡಿ ಶಾಲೆಗಳಲ್ಲಿಯೂ ದುಡಿಯುವ ಸಾಮಾನ್ಯ ಜನರಿಗೆ, ಈ ಎರಡನೆಯ ಪಾಠವು ಹೆಚ್ಚು ಹತ್ತಿರದ್ದು. ಎಲ್ಲರೂ ಬೆಟ್ಟದ ಮೇಲೆ ಹೋಗಿ ನಿಲ್ಲಲಾರರು. ಆದರೆ ಮನೆಯಲ್ಲಿದ್ದು, ವೃತ್ತಿಯಲ್ಲಿದ್ದು, ಜಾತಿ ಕುಲಗಳ ನಡುವೆಯಿದ್ದು, ಅವುಗಳ ಭಯಕ್ಕೆ ಬಾಗದವನೊಬ್ಬನಿದ್ದರೆ ಊರಿನ ದಾರಿಯೇ ಬದಲಾಗುವುದು. ಇದು ಪುರಾಣದ ಮಾತು ಮಾತ್ರವಲ್ಲ. ನಮ್ಮ ಜಿಲ್ಲೆಯಲ್ಲಿಯೇ ಅಂಥವರೊಬ್ಬರು ಆಗಿಹೋದರು. ಅವರ ಚರಿತ್ರೆಯನ್ನು ನಿಮ್ಮೆದುರು ಇಡುವುದೇ ಇಂದಿನ ನಮ್ಮ ಮುಖ್ಯ ಉದ್ದೇಶ.

ಕುದ್ಮುಲ್ ರಂಗರಾಯರು 1859ನೆಯ ಇಸವಿಯ ಜೂನ್ 29ರಂದು ಕಾಸರಗೋಡು ಸೀಮೆಯ ಕುದ್ಮುಲಿನಲ್ಲಿ ಸಾರಸ್ವತ ಬ್ರಾಹ್ಮಣ ಕುಲದಲ್ಲಿ ಹುಟ್ಟಿದರು. ಅಂದು ಆ ಸೀಮೆಯು ಮದರಾಸು ಪ್ರಾಂತಕ್ಕೆ ಸೇರಿದ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಒಂದು ಅಂಗವಾಗಿತ್ತು. 1956ರ ಪುನರ್ವಿಂಗಡಣೆಯಲ್ಲಿ ಅದು ಕೇರಳದ ಪಾಲಿಗೆ ಹೋಯಿತು. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ರಂಗರಾಯರು ಮಂಗಳೂರಿಗೆ ಬಂದು ಉಪಾಧ್ಯಾಯರಾದರು. ಮುಂದೆ ಪರೀಕ್ಷೆ ಮಾಡಿಕೊಂಡು ವಕೀಲರಾದರು. ಅನುಕೂಲವಾದ ವೃತ್ತಿ, ಮರ್ಯಾದೆಯ ಮನೆತನ, ಊರಿನಲ್ಲಿ ಹೆಸರು ಎಲ್ಲವೂ ಇದ್ದುವು. ಕಟ್ಟೆಯ ಮೇಲೆ ಕುಳಿತಿರಲು ಅವರಿಗೆ ಯಾವ ಅಡ್ಡಿಯೂ ಇರಲಿಲ್ಲ.

ಆದರೆ ಅವರು ಇಳಿದರು. ಮಂಗಳೂರಿನಲ್ಲಿ 1870ರಲ್ಲಿಯೇ ಬ್ರಹ್ಮಸಮಾಜವು ಹುಟ್ಟಿತ್ತು. ಒಬ್ಬನೇ ದೇವರು, ಎಲ್ಲರೂ ಆತನ ಮಕ್ಕಳು ಎಂಬ ಆ ಸಮಾಜದ ಶ್ರದ್ಧೆಯು ರಂಗರಾಯರ ಎದೆಯಲ್ಲಿ ನಾಟಿತು. ಇಂಥ ಮಾತನ್ನು ಒಪ್ಪಿದವರು ಆಗಲೂ ಹಲವರಿದ್ದರು, ಈಗಲೂ ಹಲವರಿರುವರು. ಆದರೆ ಒಪ್ಪಿದ ಮೇಲೆ ಅದರಂತೆ ನಡೆಯಬೇಕಾಗುವುದೆಂಬುದನ್ನು ಕಂಡವರು ವಿರಳ. ಎಲ್ಲರೂ ದೇವರ ಮಕ್ಕಳಾದರೆ, ಪಂಚಮರೆಂದು ಕರೆದು ಬೀದಿಯಿಂದ ದೂರವಿಟ್ಟ ಮಕ್ಕಳೂ ದೇವರ ಮಕ್ಕಳೇ. ಹಾಗಿದ್ದಲ್ಲಿ ಅವರು ಓದದಿರುವುದೇಕೆ? ಈ ಒಂದು ಪ್ರಶ್ನೆಯು ಅವರನ್ನು ಬಿಡಲಿಲ್ಲ. 1892ರಲ್ಲಿ ಅವರು ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಆ ಮಕ್ಕಳಿಗಾಗಿಯೇ ಒಂದು ಶಾಲೆಯನ್ನು ತೆರೆದರು.

ಆ ಇಸವಿಯನ್ನು ಸ್ವಲ್ಪ ಗಮನಿಸಬೇಕು. ಆಗ ಡಾಕ್ಟರ್ ಅಂಬೇಡ್ಕರರು ವರ್ಷ ತುಂಬಿದ ಕೂಸು. ಗಾಂಧೀಜಿಯವರು ವಿಲಾಯತಿಯಿಂದ ಹೊಸದಾಗಿ ಮರಳಿದ ಯುವಕ ವಕೀಲರು. ದಕ್ಷಿಣ ಆಫ್ರಿಕೆಗೆ ಇನ್ನೂ ಹೊರಟಿರಲಿಲ್ಲ. ವೈಕಂ ಸತ್ಯಾಗ್ರಹವು ಮೂವತ್ತೆರಡು ವರ್ಷಗಳಾಚೆ ಇತ್ತು. ರಂಗರಾಯರ ಬೆನ್ನಿಗೆ ಪಕ್ಷವಿಲ್ಲ, ಕಾಯಿದೆಯಿಲ್ಲ, ಕೈ ಚಪ್ಪಾಳೆಯ ಜನಸಂದಣಿಯಿಲ್ಲ. ಇದ್ದುದು ಒಂದು ನಂಬಿಕೆ ಮಾತ್ರ.

ಬಂದ ವಿರೋಧವೋ ಅಪಾರ. ಸ್ವಂತ ಕುಲದವರು ಅವರನ್ನು ಬಹಿಷ್ಕರಿಸಿದರು. ಕ್ಷೌರಿಕನು ಬರಲಿಲ್ಲ, ಅಗಸನು ಬರಲಿಲ್ಲ. ಹೊರಗೆ ಹೋದರೆ ನಿಂದೆಯ ಮಾತು. ಮೇಲುಜಾತಿಯ ಉಪಾಧ್ಯಾಯರು ಆ ಶಾಲೆಗೆ ಕಾಲಿಡಲೊಲ್ಲದೆ ಹೋದಾಗ ಕ್ರೈಸ್ತ ಉಪಾಧ್ಯಾಯರನ್ನು ಕರೆದು ಪಾಠ ಹೇಳಿಸಬೇಕಾಯಿತು. ಶಾಲೆಯು ಒಂದೆಡೆ ನಿಲ್ಲಲಾರದೆ ಬೇರೆ ಬೇರೆ ಕಡೆಗಳಲ್ಲಿ ನೆಲೆಯನ್ನು ಅರಸಬೇಕಾಯಿತು. ಇದಕ್ಕಿಂತಲೂ ದೊಡ್ಡ ಕಷ್ಟವು ಇನ್ನೊಂದಿತ್ತು. ಯಾರಿಗಾಗಿ ಶಾಲೆಯೋ ಅವರೇ ಮೊದಲು ಹೆದರಿದರು. ತಲೆಮಾರುಗಳಿಂದ ಒಡೆಯನ ಅಂಗಳದಾಚೆ ನಿಂತವರಿಗೆ ಒಳಗೆ ಬಾ ಎಂಬ ಕರೆಯೇ ಸಂಶಯವನ್ನು ಹುಟ್ಟಿಸಿದರೆ ಆಶ್ಚರ್ಯವೇನು? ಮಗುವು ಶಾಲೆಗೆ ಬಂದರೆ ಅಂದಿನ ಕೂಲಿ ತಪ್ಪಿತು, ಹೊಟ್ಟೆಗೆ ಕುತ್ತು.

ಇಂಥ ಸಮಯದಲ್ಲಿ ಬಿರುಸಿನ ಮುಂದಾಳಾದರೆ ಎರಡರಲ್ಲೊಂದನ್ನು ಮಾಡುವನು: ವಿರೋಧಿಗಳನ್ನು ಬಯ್ಯುವನು, ಇಲ್ಲವೆ ಯಾರಿಗಾಗಿ ದುಡಿದೆನೋ ಅವರೇ ಬೆಲೆ ತಿಳಿಯರೆಂದು ಕೈ ತೊಳೆದುಕೊಳ್ಳುವನು. ರಂಗರಾಯರು ಎರಡನ್ನೂ ಮಾಡಲಿಲ್ಲ. ಶಾಲೆಗೆ ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಡಲಾರಂಭಿಸಿದರು, ಮಧ್ಯಾಹ್ನ ಊಟವನ್ನಿಕ್ಕಿದರು. ಹಸಿದ ಹೊಟ್ಟೆಗೆ ಅಕ್ಷರವು ಇಳಿಯದೆಂಬುದನ್ನು ಉಪದೇಶವಾಗಿ ಹೇಳದೆ ಅನ್ನವಾಗಿ ಬಡಿಸಿದರು. ಇಂದು ನಮ್ಮ ಸರಕಾರಿ ಶಾಲೆಗಳಲ್ಲೆಲ್ಲ ನಡೆಯುವ ಬಿಸಿಯೂಟವನ್ನು ಕಾಣುವಾಗ ನಾವು ಒಮ್ಮೆ ಆ ಶಾಲೆಯನ್ನೂ ನೆನೆಯಬೇಕು.

1897ರಲ್ಲಿ ಅವರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಒಂದು ಶಾಲೆಯು ಹಲವಾಯಿತು. ಓದಿನ ಜೊತೆಗೆ ನೇಯ್ಗೆ, ಮರಗೆಲಸಗಳ ಶಿಕ್ಷಣವೂ ಬಂತು. ಮನೆಯಿಲ್ಲದವರಿಗೆ ನೆಲೆಯೂ, ದೂರದ ಮಕ್ಕಳಿಗೆ ವಿದ್ಯಾರ್ಥಿನಿಲಯವೂ ಆದುವು. ಅಕ್ಷರ, ಅನ್ನ, ಕಸುಬು, ನೆಲೆ ಈ ನಾಲ್ಕೂ ಕೂಡದೆ ಮನುಷ್ಯನು ತಲೆಯೆತ್ತಲಾರನೆಂಬುದನ್ನು ಅವರು ಕಂಡುಕೊಂಡಿದ್ದರು. ಮನೆಯೊಳಗೂ ಅವರು ತಮ್ಮ ಮಾತಿಗೆ ತಪ್ಪಿದವರಲ್ಲ. ಅವರ ಮಗಳಾದ ರಾಧಾಬಾಯಿಯವರು ಜಾತಿಯ ಗೆರೆಯನ್ನು ದಾಟಿ ತಮಿಳುನಾಡಿನ ಪಿ. ಸುಬ್ಬರಾಯನ್ ಅವರನ್ನು ವರಿಸಿದರು. ಆ ಸುಬ್ಬರಾಯನ್ನರೇ 1926ರಿಂದ 1930ರ ವರೆಗೆ ಮದರಾಸು ಪ್ರಾಂತದ ಮುಖ್ಯಮಂತ್ರಿಗಳಾಗಿದ್ದವರು. ರಾಧಾಬಾಯಿಯವರು 1930ರ ದುಂಡುಮೇಜಿನ ಪರಿಷತ್ತಿಗೆ ಹೋದ ಭಾರತೀಯ ಮಹಿಳೆಯರಲ್ಲಿ ಒಬ್ಬರು. ಊರಿಗೆ ಒಂದು ನ್ಯಾಯ, ಮನೆಗೆ ಒಂದು ನ್ಯಾಯವೆಂಬುದು ರಂಗರಾಯರಲ್ಲಿ ಇರಲಿಲ್ಲ.

ಅವರ ಕಡೆಯ ದಿನಗಳು ನಮಗೆ ಎಲ್ಲಕ್ಕಿಂತಲೂ ದೊಡ್ಡ ಪಾಠವೆಂದು ತೋರುವುದು. ತಾವು ಕಟ್ಟಿದ ಸಂಸ್ಥೆಯನ್ನು ಅವರು ಮುಪ್ಪಿನಲ್ಲಿ ಭಾರತ ಸೇವಕ ಸಮಾಜಕ್ಕೆ ಒಪ್ಪಿಸಿದರು. ಮೂರು ದಶಕಗಳ ದುಡಿಮೆಯನ್ನು ಕೈಯಿಂದ ಬಿಡುವುದು ಎಷ್ಟು ಕಠಿಣವೆಂಬುದನ್ನು ಸಂಸ್ಥೆ ಕಟ್ಟಿದವರೇ ಬಲ್ಲರು. ಬಳಿಕ 1927ರಲ್ಲಿ ಸಂನ್ಯಾಸವನ್ನು ಸ್ವೀಕರಿಸಿ ಸ್ವಾಮಿ ಈಶ್ವರಾನಂದರಾದರು. 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಅಂತ್ಯಕ್ರಿಯೆಯನ್ನು, ಸಮಾಜವು ಎಲ್ಲರಿಗಿಂತಲೂ ಕೆಳಗಿಟ್ಟವರ ಕೈಯಿಂದಲೇ ಮಾಡಿಸಬೇಕೆಂದು ಅವರು ಬಯಸಿದ್ದರು. ಅವರ ಇನ್ನೊಂದು ಬಯಕೆಯನ್ನು ಮಂಗಳೂರಿನವರೆಲ್ಲ ಬಲ್ಲರು. ತಮ್ಮ ಶಾಲೆಯಲ್ಲಿ ಕಲಿತ ಮಕ್ಕಳು ದೊಡ್ಡವರಾಗಿ ಮೋಟಾರಿನಲ್ಲಿ ಕುಳಿತು ಊರ ರಸ್ತೆಯಲ್ಲಿ ಹೋಗಬೇಕು, ಆ ಗಾಲಿಗಳ ಧೂಳು ತಮ್ಮ ತಲೆಗೆ ತಾಗಬೇಕು, ಆಗ ತಮ್ಮ ಜನ್ಮವು ಸಾರ್ಥಕವಾಗುವುದು ಎಂಬುದು ಆ ಬಯಕೆಯ ತಾತ್ಪರ್ಯ.

ಸೋದರರೇ, ಈ ಮಾತನ್ನು ಸ್ವಲ್ಪ ನಿಂತು ವಿಚಾರ ಮಾಡಬೇಕು. ಸಾಮಾನ್ಯವಾದ ಮುಂದಾಳು, ತನ್ನ ಹಿಂದೆ ಬರುವವರ ಸಂಖ್ಯೆಯನ್ನು ಎಣಿಸುತ್ತಿರುವನು. ರಂಗರಾಯರಾದರೋ, ತನ್ನ ಹಿಂದೆ ಇದ್ದವರು ತನ್ನನ್ನು ದಾಟಿ ಮುಂದೆ ಹೋಗಲೆಂದು, ಹೋಗುವಾಗ ತನ್ನ ಮೇಲೆ ಧೂಳು ಹಾರಿಸಲೆಂದು ಬಯಸಿದರು. ಅವರಿಂದ ಉಪಕಾರ ಸ್ಮರಣೆಯನ್ನೂ ಕೇಳಲಿಲ್ಲ; ನಿಂತು ನಮಸ್ಕರಿಸಿ ಹೋಗಲೆಂದೂ ಬಯಸಲಿಲ್ಲ. ಬಾಹುಬಲಿಯ ಒಳಗೆ ಬಹುಕಾಲ ಉಳಿದ ಆ ಮುಳ್ಳನ್ನು ಇವರು ತಾವೇ ಕಿತ್ತುಕೊಂಡಿದ್ದರೆಂದು ನಾವು ತಿಳಿಯುವೆವು. 1934ರಲ್ಲಿ ಗಾಂಧೀಜಿಯವರು ಹರಿಜನ ಪ್ರವಾಸದಲ್ಲಿ ಮಂಗಳೂರಿಗೆ ಬಂದಾಗ ಈ ಸಂಸ್ಥೆಯನ್ನು ಸಂದರ್ಶಿಸಿದರು. ಕಟ್ಟಿದವರು ಆಗ ಬದುಕಿರಲಿಲ್ಲ. ಆದರೆ ಶಾಲೆಯು ನಡೆಯುತ್ತಿತ್ತು. ಮುಂದಾಳಿನ ಪರೀಕ್ಷೆಯು ಅವನು ಇರುವಾಗಲಲ್ಲ, ಅವನು ಹೋದ ಮೇಲೆ.

ಅದೇ ಮಂಗಳೂರಿನ ಇನ್ನೊಬ್ಬರನ್ನೂ ಇಲ್ಲಿ ಸ್ಮರಿಸದಿದ್ದರೆ ಕೃತಘ್ನತೆಯಾದೀತು. ಕಾರ್ನಾಡು ಸದಾಶಿವರಾಯರು 1881ರಲ್ಲಿ ಸಿರಿವಂತರ ಮನೆಯಲ್ಲಿ ಹುಟ್ಟಿದವರು. 1919ರಲ್ಲಿ ಗಾಂಧೀಜಿಯವರ ಸತ್ಯಾಗ್ರಹ ಪ್ರತಿಜ್ಞೆಗೆ ಕನ್ನಡ ನಾಡಿನಿಂದ ಸಹಿ ಹಾಕಿದವರಲ್ಲಿ ಮೊದಲಿಗರೆಂದು ಹೆಸರಾದವರು. ಹೆಣ್ಣುಮಕ್ಕಳ ಏಳಿಗೆಗಾಗಿ, ರಾಷ್ಟ್ರೀಯ ಶಿಕ್ಷಣಕ್ಕಾಗಿ, ಕಾಂಗ್ರೆಸ್ಸಿನ ಕಾರ್ಯಕ್ಕಾಗಿ ಮನೆ ಸಂಪತ್ತನ್ನೆಲ್ಲ ಸುರಿದರು. ಹಲವು ಸಲ ಸೆರೆಮನೆಯನ್ನು ಕಂಡರು. 1937ರ ಜನವರಿ 9ರಂದು ಮುಂಬಯಿಯಲ್ಲಿ ಬರಿಗೈಯವರಾಗಿ ತೀರಿಕೊಂಡರು. ಇಂದು ಬೆಂಗಳೂರಿನ ಸದಾಶಿವನಗರವು ಅವರ ಹೆಸರನ್ನು ಹೊತ್ತಿದೆ. ಅದು ರಾಜಧಾನಿಯ ಶ್ರೀಮಂತ ಬಡಾವಣೆಗಳಲ್ಲಿ ಒಂದು. ಇದ್ದುದನ್ನೆಲ್ಲ ಕೊಟ್ಟು ಬರಿದಾದವರ ಹೆಸರಿನಲ್ಲಿ ಇದ್ದವರು ವಾಸಿಸುತ್ತಿರುವರು. ಆ ಹೆಸರು ಯಾರದೆಂದು ಕೇಳಿದರೆ ಎಷ್ಟು ಮಂದಿ ಹೇಳಬಲ್ಲರೋ! ಒಳಗಿನ ಬಲದಿಂದ ನಡೆದವರಿಗೆ ಇದರಿಂದ ನಷ್ಟವೇನೂ ಇಲ್ಲ. ಮರೆತ ನಮಗೆ ಮಾತ್ರ ನಷ್ಟ.

ಇವರೆಲ್ಲ ಓದಿದವರು, ಕುಲದಲ್ಲಿ ಮೇಲೆಂದು ಎನಿಸಿಕೊಂಡವರು. ನಮ್ಮಂಥ ಬಡಬಗ್ಗರಿಂದ ಇದೆಂತು ಸಾಧ್ಯವೆಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಉತ್ತರವು ನಿಮ್ಮ ಬಂಟ್ವಾಳ ತಾಲೂಕಿನಲ್ಲಿಯೇ ಇದೆ. ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಕೂಲಿಯಾಳು. ಅಡಕೆ ಮರವೇರಿ ಬದುಕಿದವರು. ದೊರೆತ ತುಂಡು ಬೋಳುಗುಡ್ಡದಲ್ಲಿ ನೀರಿಲ್ಲ. ಹಗಲೆಲ್ಲ ಕೂಲಿ ಮಾಡಿ, ಉಳಿದ ಹೊತ್ತಿನಲ್ಲಿ ಒಬ್ಬರೇ ಗುಡ್ಡವನ್ನು ಕೊರೆದು ಸುರಂಗ ತೋಡಿದರು. ಒಂದು ಸುರಂಗವು ಬರಡಾಯಿತು, ಇನ್ನೊಂದನ್ನು ತೋಡಿದರು. ಅದೂ ಬರಡಾಯಿತು, ಮತ್ತೊಂದು. ನೋಡಿದವರು ನಕ್ಕರು. ಕಡೆಗೊಮ್ಮೆ ಕಲ್ಲಿನೊಳಗಿಂದ ನೀರು ಬಂತು. ಬೋಳುಗುಡ್ಡವು ಅಡಕೆ ತೆಂಗುಗಳ ತೋಟವಾಯಿತು. 2022ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಶ್ರೀಯನ್ನಿತ್ತು ಗೌರವಿಸಿತು. ಅವರು ಯಾರಿಗೂ ಭಾಷಣ ಮಾಡಲಿಲ್ಲ. ಆದರೆ ಬಾವಿ ಬತ್ತಿತೆಂದು ತಲೆಗೆ ಕೈಯಿಟ್ಟು ಕುಳಿತ ಕೃಷಿಕನು ಆ ಗುಡ್ಡವನ್ನು ಕಂಡು ಬಂದರೆ ಮತ್ತೆ ಗುದ್ದಲಿ ಹಿಡಿಯದೆ ಇರಲಾರನು. ಇದೂ ಮುಂದಾಳುತನವೇ.

ಮಂಗಳೂರಿನಲ್ಲಿ ಕಿತ್ತಳೆ ಹಣ್ಣನ್ನು ಮಾರುತ್ತಿದ್ದ ಹರೇಕಳ ಹಾಜಬ್ಬನವರು ಅಕ್ಷರ ಕಲಿತವರಲ್ಲ. ಪರದೇಶದ ಪ್ರವಾಸಿಗಳು ಹಣ್ಣಿನ ಬೆಲೆ ಕೇಳಿದಾಗ ಉತ್ತರ ಕೊಡಲಾರದೆ ನಾಚಿದರು. ನಾಚಿಕೆಯು ಕೆಲವರನ್ನು ಸಿಟ್ಟಿಗೆಬ್ಬಿಸುವುದು, ಕೆಲವರನ್ನು ಕುಗ್ಗಿಸುವುದು. ಇವರನ್ನು ಅದು ಶಾಲೆ ಕಟ್ಟಿಸಿತು. ಹಣ್ಣಿನ ಬುಟ್ಟಿಯಿಂದ ಉಳಿಸಿದ ಚಿಲ್ಲರೆ ಹಣವನ್ನು ಕೂಡಿಸಿ, ಕಚೇರಿಗಳ ಬಾಗಿಲುಗಳಿಗೆ ನಡೆದು ನಡೆದು, ತಮ್ಮ ನ್ಯೂಪಡ್ಪಿನ ಮಕ್ಕಳಿಗಾಗಿ ಒಂದು ಶಾಲೆಯನ್ನು ತಂದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ರಂಗರಾಯರು ಚಿಲಿಂಬಿಯಲ್ಲಿ ಶಾಲೆ ತೆರೆದ ನೂರಕ್ಕೂ ಮಿಕ್ಕ ವರ್ಷಗಳ ಬಳಿಕ ಅದೇ ಜಿಲ್ಲೆಯಲ್ಲಿ, ಅದೇ ನಂಬಿಕೆಯು, ಬೇರೊಂದು ಮತದ, ಬೇರೊಂದು ಅಂತಸ್ತಿನ ಮನುಷ್ಯನಲ್ಲಿ ಮತ್ತೆ ಹುಟ್ಟಿತು. ಈ ಬಲಕ್ಕೆ ಕುಲವಿಲ್ಲ, ಮತವಿಲ್ಲ, ಸಿರಿಯಿಲ್ಲ. ಬೇಕಾದುದು ಒಂದೇ: ನಂಬಿದುದನ್ನು ಮಾಡಿ ತೀರುವ ಮನಸ್ಸು.

ಈಗ ನಾವು ನಮ್ಮ ನಮ್ಮ ಅಂಗಳಗಳತ್ತ ತಿರುಗಿ ನೋಡಬೇಕು. ಹಿರಿಯರ ಗುಣಗಾನ ಮಾಡಿ ಎದ್ದು ಹೋಗುವುದಕ್ಕಾಗಿ ನಾವಿಲ್ಲಿ ಸೇರಿಲ್ಲವಷ್ಟೆ?

ತುಳುನಾಡಿನಲ್ಲಿ ದೈವವನ್ನು 'ಸತ್ಯ'ವೆಂದು ಕರೆಯುವ ರೂಢಿಯುಂಟು. ಭೂತಕೋಲದ ರಾತ್ರಿಯಲ್ಲಿ ಪಂಬದ, ಪರವ, ನಲಿಕೆಯವರ ಕುಲದಲ್ಲಿ ಹುಟ್ಟಿದವನು ಬಣ್ಣ ಬಳಿದು, ಅಣಿ ಕಟ್ಟಿ, ಗಗ್ಗರ ತೊಟ್ಟು ನಿಲ್ಲುವನು. ಊರಿಗೆ ಊರೇ, ಗುತ್ತಿನ ಯಜಮಾನನಾದಿಯಾಗಿ, ಅವನೆದುರು ಕೈ ಮುಗಿದು ನಿಲ್ಲುವುದು. ಅವನ ಬಾಯಿಂದ ಬಂದ ನುಡಿಯೇ ನ್ಯಾಯ. ಬೆಳಗಾಗಿ ಬಣ್ಣವನ್ನು ತೊಳೆದ ಮೇಲೆ? ಅದೇ ಮನುಷ್ಯನಿಗೆ ಅದೇ ಮನೆಯ ಚಾವಡಿಯಲ್ಲಿ ಜಾಗವಿದೆಯೇ? ಈ ಪ್ರಶ್ನೆಗೆ ಉತ್ತರವನ್ನು ನಾವು ಹೇಳುವುದಿಲ್ಲ. ನಿಮ್ಮ ನಿಮ್ಮ ಮನೆಯ ಚಾವಡಿಯೇ ಹೇಳಲಿ. ರಾತ್ರಿ ನಂಬಿದ ಸತ್ಯವು ಬೆಳಗಿಗೆ ಸುಳ್ಳಾಗುವುದಾದರೆ ಅದು ಶ್ರದ್ಧೆಯಲ್ಲ, ಭಯ.

ಕೊರಗರ ವಿಷಯವನ್ನೂ ಒಂದೆರಡು ಮಾತಿನಲ್ಲಿ ಹೇಳಬೇಕು. ಈ ನೆಲದ ಮೂಲನಿವಾಸಿಗಳಾದ ಅವರಿಗೆ ಉಗುರು ಕೂದಲುಗಳನ್ನು ಬೆರಸಿದ ಅನ್ನವನ್ನು ತಿನ್ನಿಸಿ, ತಮ್ಮ ಮನೆಯ ಕೇಡನ್ನು ಅವರ ಮೈಮೇಲೆ ಕಳೆಯುವ ಅಜಲು ಎಂಬ ಪದ್ಧತಿಯು ಈ ಜಿಲ್ಲೆಯಲ್ಲಿ ಇತ್ತು. ಅಸ್ಪೃಶ್ಯತೆಯನ್ನು ಸಂವಿಧಾನವು 1950ರಲ್ಲಿಯೇ ಅಳಿಸಿಹಾಕಿದ್ದರೂ, ಅಜಲನ್ನು ತಡೆಯಲು ಕರ್ನಾಟಕ ಸರಕಾರವು 2000ದಲ್ಲಿ ಪ್ರತ್ಯೇಕವಾದ ಒಂದು ಕಾಯಿದೆಯನ್ನೇ ಮಾಡಬೇಕಾಯಿತು. ಐವತ್ತು ವರ್ಷಗಳ ಅಂತರವನ್ನು ಗಮನಿಸಿರಿ. ಆ ಐವತ್ತು ವರ್ಷಗಳಲ್ಲಿ ಒಂದೊಂದು ಊರಿನಲ್ಲಿಯೂ ಒಬ್ಬೊಬ್ಬ ಮನುಷ್ಯನು, ನಮ್ಮ ಮನೆಯಲ್ಲಿ ಇದು ಇನ್ನು ನಡೆಯದು ಎಂದು ಮೆಲುದನಿಯಲ್ಲಿ ಹೇಳಿದ್ದರೆ ಆ ಕಾಯಿದೆಯು ಬೇಕಾಗುತ್ತಿತ್ತೇ? ಕೂಗಾಡುವ ಅಗತ್ಯವಿರಲಿಲ್ಲ. ಹೇಳಿ, ಹೇಳಿದುದರ ಮೇಲೆ ನಿಲ್ಲುವ ಬಲವಿದ್ದರೆ ಸಾಕಿತ್ತು. ಕಾಯಿದೆಯು ಕೈಯನ್ನು ಕಟ್ಟಬಲ್ಲುದು. ಮನಸ್ಸನ್ನು ತಿರುಗಿಸುವ ಕೆಲಸವು ಮನುಷ್ಯರದೇ.

ಹಾಗಾದರೆ ನಿಜವಾದ ಮುಂದಾಳನ್ನು ಗುರುತಿಸುವುದೆಂತು? ನಮಗೆ ತೋರಿದ ಮೂರು ಒರೆಗಲ್ಲುಗಳನ್ನು ಹೇಳುವೆವು.

ಮೊದಲನೆಯದು, ಅವನ ಬಲವು ಎಲ್ಲಿಂದ ಬರುವುದೆಂಬುದು. ಜನರ ಚಪ್ಪಾಳೆಯಿಂದ ಬಂದ ಬಲವು ಚಪ್ಪಾಳೆ ನಿಂತ ದಿನವೇ ನಿಲ್ಲುವುದು. ರಂಗರಾಯರಿಗೆ ಕ್ಷೌರಿಕನೂ ದೊರೆಯದ ದಿನಗಳಲ್ಲಿ ಅವರನ್ನು ನಡೆಸಿದುದು ಊರಿನ ಒಪ್ಪಿಗೆಯಲ್ಲ. ಆ ಬಲವನ್ನು ದೇವರೆನ್ನಿರಿ, ಸತ್ಯವೆನ್ನಿರಿ, ಆತ್ಮಸಾಕ್ಷಿಯೆನ್ನಿರಿ, ಅದು ಒಳಗಿನದಾಗಿರಬೇಕು. ಅದನ್ನು ಕೂಡಿಡುವುದಕ್ಕೆ ದಿನದ ಒಂದು ಗಳಿಗೆಯ ಏಕಾಂತವೂ, ಕೈಗೊಂದು ಪ್ರಾಮಾಣಿಕವಾದ ದುಡಿಮೆಯೂ ಬೇಕು.

ಎರಡನೆಯದು, ಬೆಲೆಯನ್ನು ಯಾರು ತೆರುವರೆಂಬುದು. ಅನುಯಾಯಿಗಳಿಂದ ತ್ಯಾಗ ಮಾಡಿಸಿ, ಕೀರ್ತಿಯನ್ನು ತಾನು ಪಡೆಯುವವನು ವ್ಯಾಪಾರಿ. ಬಾಲಕರ ಕೈಗೆ ಕಲ್ಲು ಕೊಟ್ಟು ತಾನು ಮನೆಯೊಳಗೆ ಕುಳಿತವನು ಅದಕ್ಕಿಂತಲೂ ಕೀಳು. ನಮ್ಮ ಕರಾವಳಿಯಲ್ಲಿ ಮತದ ಹೆಸರಿನಿಂದ ನಡೆದ ಜಗಳಗಳಲ್ಲಿ ಬಡವರ ಮಕ್ಕಳು ಸತ್ತಿರುವರು, ಸೆರೆಮನೆಗೆ ಹೋಗಿರುವರು. ಅವರನ್ನು ಹುರಿದುಂಬಿಸಿದವರ ಮಕ್ಕಳು ಎಲ್ಲಿರುವರೆಂಬುದನ್ನು ತಾಯಂದಿರು ಒಮ್ಮೆ ಕೇಳಿ ನೋಡಲಿ. ಕಾರ್ನಾಡರು ಇತರರ ಮನೆಯನ್ನು ಸುಡಿಸಲಿಲ್ಲ. ತಮ್ಮ ಮನೆಯನ್ನೇ ಬರಿದು ಮಾಡಿಕೊಂಡರು.

ಮೂರನೆಯದು, ಅವನು ಹೋದ ಮೇಲೆ ಉಳಿಯುವುದೇನೆಂಬುದು. ತಾನಿಲ್ಲದೆ ನಡೆಯಲಾರದವರನ್ನು ಬಿಟ್ಟು ಹೋಗುವವನು ಸೋತಂತೆ. ತಾನಿಲ್ಲದೆಯೂ ನಡೆಯಬಲ್ಲವರನ್ನು, ತನ್ನನ್ನು ದಾಟಬಲ್ಲವರನ್ನು ಬಿಟ್ಟು ಹೋಗುವವನು ಗೆದ್ದಂತೆ.

ಈ ಮೂರು ಒರೆಗಲ್ಲುಗಳಿಗೂ ನಾವು ಮೊದಲು ನಮ್ಮನ್ನೇ ಉಜ್ಜಿ ನೋಡಿಕೊಳ್ಳುವುದು ಒಳ್ಳೆಯದು. ಊರಿನ ಮುಂದಾಳು ಹೇಗಿರುವನೋ ಅದಕ್ಕೆ ಊರಿನವರೇ ಹೊಣೆ. ಸದ್ದು ಮಾಡುವವನಿಗೇ ಹಾರ ಹಾಕುತ್ತ ಬಂದರೆ, ಸದ್ದು ಮಾಡದೆ ದುಡಿಯುವವನು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ದಿನವೂ ಹೊತ್ತಿಗೆ ಮುಂಚೆ ಬಂದು ಶಾಲೆಯ ಬಾಗಿಲು ತೆರೆಯುವ ಉಪಾಧ್ಯಾಯಿನಿ, ಮಳೆಗಾಲದಲ್ಲಿ ತೋಡು ದಾಟಿ ಬಾಣಂತಿಯ ಮನೆಗೆ ಹೋಗುವ ಆಶಾ ಕಾರ್ಯಕರ್ತೆ, ಬೀಡಿ ಸುತ್ತಿ ಮಕ್ಕಳನ್ನು ಕಾಲೇಜಿಗೆ ಕಳುಹಿಸಿದ ವಿಧವೆ, ಇವರೂ ಮುಂದಾಳುಗಳೇ. ಇವರನ್ನು ಗುರುತಿಸಿ, ಊರಿನ ಕಾರ್ಯದಲ್ಲಿ ಇವರ ಮಾತಿಗೆ ಕಿವಿಗೊಡುವುದು ನಮ್ಮ ಮೊದಲ ಕರ್ತವ್ಯ.

ಕನ್ನಡ ನಾಡು ಒಂದಾಗಬೇಕೆಂದು ನಮ್ಮ ಹಿರಿಯರು ದಶಕಗಳ ಕಾಲ ಹಂಬಲಿಸಿದರು. 1956ರ ನವೆಂಬರ್ 1ರಂದು ನಾಡು ಒಂದಾಯಿತು. ರಂಗರಾಯರು ಹುಟ್ಟಿದ ಸೀಮೆಯು ಗಡಿಯಾಚೆ ಉಳಿಯಿತೆಂಬ ನೋವು ಕನ್ನಡಿಗರಿಗೆ ಇಂದಿಗೂ ಇದೆ. ಆದರೆ ನಕಾಶೆಯಲ್ಲಿಯ ಗೆರೆಯನ್ನು ಅಳಿಸುವುದಕ್ಕಿಂತಲೂ ಚಾವಡಿಯ ಅಂಚಿನಲ್ಲಿಯ ಗೆರೆಯನ್ನು ಅಳಿಸುವುದು ಕಷ್ಟವೆಂಬುದನ್ನು ಅವರ ಬಾಳು ತೋರಿಸುವುದು. ಆ ಗೆರೆಯು ಇರುವ ವರೆಗೆ ನಾಡು ಒಂದಾಯಿತೆಂದು ಹೇಳುವುದು ಅರೆ ಸತ್ಯವಾಗುವುದು. ಪ್ರಾಂತಗಳನ್ನು ಕೂಡಿಸುವ ಕೆಲಸವನ್ನು ಶಾಸನಸಭೆಗಳು ಮಾಡಿದುವು. ಮನೆಗಳನ್ನು ಕೂಡಿಸುವ ಕೆಲಸವು ನಿಮ್ಮ ಪಾಲಿಗೆ ಉಳಿದಿದೆ.

ತರುಣರೇ, ನಿಮ್ಮಲ್ಲಿ ಎಲ್ಲರೂ ರಂಗರಾಯರಾಗಬೇಕೆಂದು ನಾವು ಹೇಳುವುದಿಲ್ಲ. ಒಂದು ಸಣ್ಣ ಕೆಲಸವನ್ನು ಆರಿಸಿಕೊಳ್ಳಿರಿ. ನಿಮ್ಮ ಊರಿನಲ್ಲಿ ಶಾಲೆ ಬಿಟ್ಟ ಒಂದು ಮಗುವನ್ನು ಮರಳಿ ಶಾಲೆಗೆ ಸೇರಿಸಿರಿ. ಬಣ್ಣ ತೊಳೆದು ಬಂದ ಮನುಷ್ಯನನ್ನು ನಿಮ್ಮ ಜೊತೆ ಎಲೆ ಹಾಕಿ ಊಟಕ್ಕೆ ಕೂರಿಸಿರಿ. ಮನೆಯವರು ಮುಖ ತಿರುವಬಹುದು. ನೆಂಟರು ನಾಲ್ಕು ದಿನ ಬಾರದಿರಬಹುದು. ಬಯ್ಯಬೇಡಿರಿ, ಬಾಗಬೇಡಿರಿ. ಮಾಡಿದುದನ್ನು ಯಾರಿಗೂ ಹೇಳದೆ ಮರುದಿನವೂ ಅದನ್ನೇ ಮಾಡಿರಿ. ಮೊದಲು ನಗುವವರು, ಬಳಿಕ ಮೌನವಾಗುವರು, ಕಡೆಗೆ ನಿಮ್ಮ ಮಗ್ಗುಲಲ್ಲಿ ಬಂದು ಕೂರುವರು. ಇದಕ್ಕೆ ಒಂದು ವರ್ಷ ಬೇಕಾಗಬಹುದು, ಮೂವತ್ತು ವರ್ಷವೂ ಬೇಕಾಗಬಹುದು. ರಂಗರಾಯರಿಗೆ ಮೂವತ್ತಕ್ಕಿಂತಲೂ ಹೆಚ್ಚು ಬೇಕಾಯಿತು.

 ಈ ಪುಂಜಾಲಕಟ್ಟೆಯಲ್ಲಿ, ಕೆಳಗೆ ನಿಲ್ಲುವವರು ಯಾರೂ ಇಲ್ಲದಂತೆ, ಎಲ್ಲರೂ ಸಮನಾಗಿ ಕೂರುವಂತೆ ಮಾಡುವ ಬಲವನ್ನು ಪರಮಾತ್ಮನು ನಿಮ್ಮ ಒಬ್ಬೊಬ್ಬರ ಎದೆಯಲ್ಲಿಯೂ ಇರಿಸಿರುವನೆಂದು ನಾವು ದೃಢವಾಗಿ ನಂಬಿರುವೆವು.